ಬೈಪಾಸ್ ಆದ ಮೇಲೆ ಗಾಯ, ನೋವು: ನಾನು ನೋಡಿಕೊಳ್ಳುವ ರೀತಿ

ರಾಯಚೂರು ಸುತ್ತಲಿನ ಮನೆಗಳಲ್ಲಿ ಹೃದಯದ ಬೈಪಾಸ್ ಆಪರೇಷನ್ ಆಗಿ ಬಂದವರ ಆರೈಕೆ ನನ್ನ ನರ್ಸಿಂಗ್ ಕೆಲಸ. ಹೋದ ಕೂಡಲೇ ಗಾಯ ನೋಡುವುದಿಲ್ಲ. ಉದ್ದ ಉಸಿರೆಳೆದು ಕೆಮ್ಮಲು ಹೇಳುತ್ತೇನೆ. ಕೆಮ್ಮಲು ಹೆದರಿದರೆ ನೋವು ಹತೋಟಿಯಲ್ಲಿಲ್ಲ ಎಂದೇ ಲೆಕ್ಕ. "ತಡಕೊಂತೀನಿ ಬಿಡ್ರೀ" ಅನ್ನುವವರದ್ದೇ ನನಗೆ ಚಿಂತೆ. ನೋವಿಗೆ ಅಂಜಿ ಮೇಲೆಮೇಲಷ್ಟೇ ಉಸಿರಾಡಿದರೆ ಕಫ ಕಟ್ಟುತ್ತದೆ, ಆಮೇಲೆ ಬಿಡದೆ ಬರುವ ಕೆಮ್ಮು ಆಪರೇಷನ್‌ನಲ್ಲಿ ಸೀಳಿ ತಂತಿ ಬಿಗಿದ ಎದೆಮೂಳೆಯನ್ನೇ ಜಗ್ಗುತ್ತದೆ.

ಹಾಗಾಗಿ ಮೊದಲ ವಾರ ಪ್ಯಾರಾಸಿಟಮಾಲ್ ಗಡಿಯಾರ ನೋಡಿ ಕೊಡಬೇಕು. ವೈದ್ಯರ ಚೀಟಿಯಲ್ಲಿ 650 ಮಿ.ಗ್ರಾಂ. ಇದ್ದರೆ 6 ತಾಸಿಗೊಂದು. ನುಂಗಿ ಅರ್ಧ ತಾಸಿಗೆ ಉಸಿರಿನ ವ್ಯಾಯಾಮ, ದಿಂಬು ಎದೆಗವಚಿಕೊಂಡು ಕೆಮ್ಮು, ಆಮೇಲೆ ಅಂಗಳದಲ್ಲಿ ನಡಿಗೆ. ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ತರಿಸಲೇಬಾರದು. ಈ ಸಮಯದಲ್ಲಿ ಅವು ಹೃದಯಕ್ಕೂ ಕಿಡ್ನಿಗೂ ಅಪಾಯ. ಟ್ರಾಮಡಾಲ್ ಎಂಬ ಜೋರಾದ ನೋವಿನ ಗುಳಿಗೆ ಬರೆದಿದ್ದರೆ ಮಲ ಗಟ್ಟಿಯಾಗುತ್ತದೆ. ತಿಣುಕಿದರೆ ಎದೆಗೆ ಭಾರ, ಮೊದಲೇ ವೈದ್ಯರನ್ನು ಕೇಳಿ ಔಷಧಿ ಇಟ್ಟುಕೊಳ್ಳಿ.

ಗಾಯ ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಸ್ನಾನಕ್ಕೆ ಅನುಮತಿ ಸಿಕ್ಕ ಮೇಲೆ ಉಗುರುಬೆಚ್ಚಗಿನ ನೀರು, ಸಾದಾ ಸೋಪು. ಉಜ್ಜದೆ ಒಗೆದ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ. ಅರಿಶಿನ, ವಿಭೂತಿ, ಕೊಬ್ಬರಿ ಎಣ್ಣೆ, ಪೌಡರ್ ಯಾವುದೂ ಬೇಡ. ನಮ್ಮ ಬೇಸಿಗೆಯಲ್ಲಿ ಬೆವರು ನಿಲ್ಲುವುದು ಗಾಯದ ಕೆಳತುದಿಯಲ್ಲಿ. ಹೆಣ್ಣುಮಕ್ಕಳಿಗೆ ಸ್ತನದ ಭಾರವೂ ಅಲ್ಲೇ ಹೊಲಿಗೆ ಜಗ್ಗುತ್ತದೆ. ಮುಂದೆ ಗುಂಡಿಯಿರುವ, ತಂತಿಯಿಲ್ಲದ ಹತ್ತಿ ಬ್ರಾ ಹಾಕಿಸಿದರೆ ನೋವೂ ಇಳಿಯುತ್ತದೆ.

ಬೈಪಾಸ್‌ಗೆಂದು ರಕ್ತನಾಳ ತೆಗೆದ ಕಾಲನ್ನು ಮನೆಯವರು ಮರೆಯುತ್ತಾರೆ. ಇಳಿಬಿಟ್ಟು ಕೂತರೆ ಬಾತು ಹೊಲಿಗೆ ಸೋರುತ್ತದೆ. ಮಲಗಿದಾಗ ಎರಡು ದಿಂಬಿನ ಮೇಲೆ ಇಡಿಸಿ.

ಏಳುವಾಗ ಕೈಯೂರಿ ನೇರ ಏಳದೆ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು ಏಳಬೇಕು. ತುಂಬಿದ ಕೊಡ 10 ಕಿಲೋಗೂ ಹೆಚ್ಚು ತೂಗುತ್ತದೆ, ಎತ್ತುವಂತಿಲ್ಲ. ಜೋಳದ ರೊಟ್ಟಿ ಬಡಿಯುವುದಂತೂ ಎರಡೂ ತೋಳಿನ ಪೆಟ್ಟು ಎದೆಮೂಳೆಗೇ. ಮೂಳೆ ಗಟ್ಟಿಯಾಗಲು 3 ತಿಂಗಳಾದರೂ ಬೇಕು. ಅಲ್ಲಿಯವರೆಗೆ ರೊಟ್ಟಿಯ ಪಾಳಿ ಮನೆಯ ಬೇರೆಯವರದು.

ಶುಗರ್ ಇದ್ದವರಲ್ಲಿ ಗಾಯ ನಿಧಾನ ಮಾಯುತ್ತದೆ, ದಿನವೂ ನೋಡಬೇಕು. ಆಪರೇಷನ್ ವೇಳೆ ಎದೆಗೆ ಹಾಕಿದ್ದ ಟ್ಯೂಬ್ ತೆಗೆದ ತೂತಿನಿಂದ ಮೊದಮೊದಲು ತುಸು ತಿಳಿನೀರು ಬಂದರೆ ಗಾಬರಿಯಿಲ್ಲ. ಕೀವು, ವಾಸನೆ, ಹರಡುವ ಕೆಂಪು, 100.4 ಡಿಗ್ರಿ ಜ್ವರ ಕಂಡರೆ ಅವತ್ತೇ ಆಸ್ಪತ್ರೆಗೆ. ಹೊರಳುವಾಗ ಎದೆಮೂಳೆ "ಕಟ್" ಎಂದು ಸದ್ದು ಮಾಡಿದರೆ, ಜ್ವರ ಇಲ್ಲದಿದ್ದರೂ, ಮುಂದಿನ ತಪಾಸಣೆಯ ತಾರೀಕಿಗೆ ಕಾಯದೆ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ಹಿಂಡಿದರೆ ತಕ್ಷಣ 108.