ವ್ಯಾನ್ ಹಿಡಿಯದೆ ಲಂಕೆ ಸುತ್ತಿದ್ದು

"ವಯಸ್ಸಾದವರನ್ನು ಕಟ್ಟಿಕೊಂಡು ಬಸ್ಸಲ್ಲಿ ಶ್ರೀಲಂಕಾ ತಿರುಗೋಕಾಗುತ್ತೇನಯ್ಯ?" ಅಂದಿದ್ದರು ನಮ್ಮ ಭಾವ. 2024ರ ಫೆಬ್ರವರಿಯಲ್ಲಿ ಎಂಟು ಜನರನ್ನು ಏಳು ದಿನ ಬಸ್ಸು, ರೈಲಿನಲ್ಲೇ ಸುತ್ತಿಸಿ ತಂದೆ. ಅವರಲ್ಲಿ ಭಾವನೂ ಇದ್ದರು. ಸಾರಿಗೆ ಸಂಸ್ಥೆಯಲ್ಲಿ 29 ವರ್ಷ ಕಂಡಕ್ಟರ್ ಆಗಿದ್ದವನು ನಾನು. ಈ ಕೆಲಸ ನನಗೆ ಬರುತ್ತದೆ.

2019ರಲ್ಲಿ ವ್ಯಾನ್ ಮಾಡಿ ಕೈ ಸುಟ್ಟುಕೊಂಡಿದ್ದೆ. ಕಿಲೋಮೀಟರ್ ಮೀರಿದ್ದಕ್ಕೆ ಬೇರೆ, ಡ್ರೈವರ್ ಊಟ-ರೂಮಿಗೆ ಬೇರೆ. ನಾವು ಕೇಳದಿದ್ದರೂ ಮಸಾಲೆ ತೋಟ, ಹರಳಿನ ಅಂಗಡಿ ಅಂತ ಅರ್ಧರ್ಧ ದಿನ ಹಾಳು. ಓಡಾಟಕ್ಕೇ ನಮ್ಮ ದುಡ್ಡಲ್ಲಿ 60 ಸಾವಿರದ ಹತ್ತಿರ ಹೋಯಿತು. ಈ ಸಲ ತಲೆಗೆ 6,000 ಲಂಕಾ ರೂಪಾಯಿ, ಅಂದರೆ ನಮ್ಮ 1,600ರ ಹತ್ತಿರ.

ಲಗೇಜಿನಲ್ಲೇ ಅರ್ಧ ಗೆದ್ದೆ. ಅಲ್ಲಿನ ಬಸ್ಸುಗಳಲ್ಲಿ ಸೂಟ್‌ಕೇಸ್ ಇಡಲು ಜಾಗವಿಲ್ಲ, ತಲೆಗೊಂದೇ ಹೆಗಲ ಚೀಲ ಅಂತ ಮೊದಲೇ ಕಟ್ಟುನಿಟ್ಟು ಮಾಡಿದ್ದೆ. ವಿಮಾನ ನಿಲ್ದಾಣದಿಂದ 187 ನಂಬರ್ ಬಸ್ಸಲ್ಲಿ ಕೊಲಂಬೊ ಫೋರ್ಟ್, ಅಲ್ಲಿಂದ ದಂಬುಲ್ಲ, ಸಿಗಿರಿಯ, ಕ್ಯಾಂಡಿ. ಖಾಸಗಿ ಬಸ್ಸುಗಳು ಜಿದ್ದಿಗೆ ಬಿದ್ದು ಓಡುತ್ತವೆ. ಹಿರಿಯರಿದ್ದರೆ ಸರ್ಕಾರಿ ಕೆಂಪು ಬಸ್ಸೇ ವಾಸಿ. ಲೇಲ್ಯಾಂಡ್ ಇಂಜಿನ್ ಸದ್ದು ಕೇಳಿ ನನಗಂತೂ ಡಿಪೋಗೆ ಬಂದಷ್ಟೇ ಖುಷಿಯಾಯಿತು. ಮುಂದಿನ ಸೀಟು ಭಿಕ್ಕುಗಳಿಗೆ ಮೀಸಲು, ಅಲ್ಲಿ ಕೂರಬೇಡಿ.

ಪೆಟ್ಟು ತಿಂದಿದ್ದು ಕ್ಯಾಂಡಿಯಿಂದ 'ಎಲ್ಲ' ಅನ್ನೋ ಬೆಟ್ಟದೂರಿನ ರೈಲಿನಲ್ಲಿ. ರಿಸರ್ವೇಶನ್ 30 ದಿನ ಮುಂಚೆ ತೆರೆಯುತ್ತದೆ. ಎರಡು ಬೆಳಿಗ್ಗೆ ಕಾದು ಕೂತರೂ ಒಂದು ಸೀಟೂ ಸಿಗಲಿಲ್ಲ. ರಿಸರ್ವ್ ಇಲ್ಲದ ಡಬ್ಬಿಯಲ್ಲಿ ಅಕ್ಕನಿಗೊಂದು ಸೀಟು ಮಾಡಿಕೊಟ್ಟು ಉಳಿದವರು ನಾಲ್ಕು ಗಂಟೆ ನಿಂತೆವು. 'ನಾನು ಓಯ' ಅನ್ನೋ ಸ್ಟೇಷನ್ನಿನಲ್ಲಿ ನುವಾರ ಎಲಿಯ ಊರಿಗೆ ಹೋಗುವ ಜನ ಇಳಿದ ಮೇಲೆ ನಮಗೆಲ್ಲರಿಗೂ ಸೀಟು. ಟೀ ತೋಟಗಳು ಕಂಡಾಗ ಅಕ್ಕ ಅತ್ತೇಬಿಟ್ಟರು. ಮೊದಲಿಂದಲೇ ಕೂತು ಹೋಗಲು ಎಲ್ಲಿ ಹತ್ತಬೇಕೆಂದು ಈಗ ಗೊತ್ತು, ಅದು ನನ್ನ ಹತ್ತಿರವೇ ಇರಲಿ.

'ಎಲ್ಲ' ಊರಲ್ಲಿ ನಾನೂ ತಮ್ಮನೂ ಒಂದು ದಿನಕ್ಕೆ ಆಟೊ ಬಾಡಿಗೆಗೆ ಪಡೆದು ನಾವೇ ಓಡಿಸಿದೆವು. ನಮ್ಮ ಲೈಸೆನ್ಸಿನ ಜೊತೆ ಅಲ್ಲಿನ ಪರವಾನಗಿ ಚೀಟಿಯೂ ಬೇಕು. ರಾವಣ ಜಲಪಾತ ದಾಟಿ ವೆಲ್ಲವಾಯ ಕಡೆಗೆ ಇಳಿಜಾರು ಜೋರು. ಬ್ರೇಕ್ ಕಾದು ವಾಸನೆ ಬಂತು, ಅರ್ಧ ಗಂಟೆ ನಿಲ್ಲಿಸಿದೆವು. ಬಾಡಿಗೆ, ಪೆಟ್ರೋಲ್ ಸೇರಿ 7,000 ಲಂಕಾ ರೂಪಾಯಿ ದಾಟಿತು. ಬಸ್ಸಿನ ಮುಂದೆ ಇದು ನಷ್ಟವೇ.

ಕೊನೆಗೆ ದಕ್ಷಿಣ ಕರಾವಳಿಯ ಮಾತರದಿಂದ ಗಾಲ್, ಕೊಲಂಬೊಗೆ ಮತ್ತೆ ರೈಲು. ಸಮುದ್ರದ ಕಡೆ ಸೀಟು ಹಿಡಿದ ಭಾವ ಕೊನೆಯವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಜಾಫ್ನಾ ರೈಲಿಗೆ ಈಗಲೇ ಹೆಸರು ಬರೆಸಿದ್ದಾರೆ.