ಸಭೆಯ ಚರಿತ್ರೆ: ಮೊದಲು ರಿಜಿಸ್ಟರ್, ಸ್ಮರಣಸಂಚಿಕೆ ಕೊನೆಗೆ

ಚಿಕ್ಕಮಗಳೂರು ಕಡೆಯ ನಮ್ಮ ಸಣ್ಣ ಕ್ರೈಸ್ತ ಸಭೆಯ ಚರಿತ್ರೆಯನ್ನು ದೀಕ್ಷಾಸ್ನಾನದ (ಬ್ಯಾಪ್ಟಿಸಂನ) ರಿಜಿಸ್ಟರಿನಿಂದ ಶುರು ಮಾಡಿದೆವು. ಜುಬಿಲಿ ಸ್ಮರಣಸಂಚಿಕೆಗಳನ್ನು ಕೊನೆಗೆ ತೆರೆದೆವು. ಸಂಚಿಕೆಯಿಂದ ಸಂಚಿಕೆಗೆ ನಕಲಾದ ತಪ್ಪು ಇಸವಿ ತಲೆಯಲ್ಲಿ ಕೂತರೆ ರಿಜಿಸ್ಟರನ್ನೂ ಅದಕ್ಕೆ ಹೊಂದಿಸಿಯೇ ಓದುತ್ತೇವೆ.

ಹಿರಿಯರು ‘ನಾವು ಲೂಥರನ್ನರು’ ಅನ್ನುತ್ತಾರೆ. ಅದನ್ನು ಹಾಗೇ ಅಚ್ಚು ಹಾಕಬಾರದು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನಲ್ಲಿ ಲೂಥರನ್, ರಿಫಾರ್ಮ್ಡ್ ಎಂಬ ಎರಡೂ ಪ್ರಾಟೆಸ್ಟೆಂಟ್ ಪಂಗಡದವರಿದ್ದರು. 1834ರಲ್ಲಿ ಅದರ ಮಿಶನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. ಆಮೇಲೆ ಬಂದವರಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗಿನ ಲೂಥರನ್ನರು. ಘಟ್ಟದ ಕೆಳಗಿನಿಂದ ಕಾಫಿ ತೋಟಗಳಿಗೆ ಬಂದ ಕುಟುಂಬದ ಮೂಲ ಬೇಕಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ನೋಡಬೇಕು. ಹಾಸನದ ಕಡೆ ಕೆಲಸ ಮಾಡಿದ್ದು ಇಂಗ್ಲೆಂಡಿನ ಮೆಥಡಿಸ್ಟರ ವೆಸ್ಲಿಯನ್ ಮಿಶನ್; ಅವರ ಕಾಗದಪತ್ರ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಯಾವ ಮಿಶನ್ ಎಂದು ಮೊದಲೇ ತೀರ್ಮಾನವಾಗದಿದ್ದರೆ ತಿಂಗಳುಗಟ್ಟಲೆ ತಪ್ಪು ಕಪಾಟಿನಲ್ಲೇ ಹುಡುಕುತ್ತೀರಿ.

ಪುಟಗಳ ಫೋಟೊ ತೆಗೆಯಲು ಜನವರಿಯಿಂದ ಮಾರ್ಚ್ ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ಹಾಳೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಪುಟದ ಪಕ್ಕ ಒಂದು ಅಳತೆಪಟ್ಟಿ ಇಡಿ. ಫೈಲಿನ ಹೆಸರಿನಲ್ಲಿ ಪುಸ್ತಕ, ಪುಟಸಂಖ್ಯೆ ಇರಲಿ. ಹರಿದ ಹಾಳೆಗೆ ಸೆಲೊಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಕೂಡದೇ ಕೂಡದು. ಕೆಲವೇ ವರ್ಷಗಳಲ್ಲಿ ಟೇಪಿನ ಅಂಟು ಹಳದಿಯಾಗಿ ಅಕ್ಷರವನ್ನೂ ನುಂಗುತ್ತದೆ.

ಓದುವಾಗ ಕನ್ನಡದ ೬, ೭ ಅಂಕಿಗಳು ಮೋಸ ಮಾಡುತ್ತವೆ. ಹಿಂದಿನ, ಮುಂದಿನ ನಮೂದಿನ ತಾರೀಕು ನೋಡದೆ ಒಂದನ್ನೂ ಒಪ್ಪಬೇಡಿ. ಸಮಾಧಿಕಲ್ಲಿನ ಮೇಲೆ ಸಂವತ್ಸರ ಮಾತ್ರ ಇದ್ದರೆ, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ: ಪ್ರಭವ ಎಂದರೆ 1867-68 ಇರಬಹುದು, 1927-28 ಇರಬಹುದು. ದೀಕ್ಷಾಸ್ನಾನದ ಪುಸ್ತಕದಲ್ಲಿ ಯೋಹಾನ ಎಂದಿದ್ದವನೇ ಮದುವೆ ಪುಸ್ತಕದಲ್ಲಿ ಜಾನ್ ಆಗಿರುತ್ತಾನೆ. ಹಾಗಾಗಿ ತಂದೆಯ ಹೆಸರು, ಊರು, ಕುಲನಾಮ ಮೂರೂ ಹೊಂದಿದರೆ ಮಾತ್ರ ಒಬ್ಬರೇ ಎಂದು ಲೆಕ್ಕ. ಸಮಾಧಿ ಪುಸ್ತಕದಲ್ಲಿ 1918ರ ಕೊನೆಯ ತಿಂಗಳುಗಳನ್ನು ನಿಧಾನವಾಗಿ ಓದಿ, ಅದು ಇನ್‌ಫ್ಲುಯೆಂಜಾ ವರ್ಷ.

ದೇವಾಲಯದ ಮಾಡಿನ ಹೆಂಚು ನೋಡಿ ಬಹಳ ಜನ ಎಡವುತ್ತಾರೆ. ‘ಬಾಸೆಲ್ ಮಿಶನ್’ ಮುದ್ರೆಯ ಜತೆ ಇರುವ 1865 ಕಾರ್ಖಾನೆ ಶುರುವಾದ ಇಸವಿ. ಆ ಹೆಂಚು ಸುಟ್ಟ ವರ್ಷವೂ ಅದಲ್ಲ, ಕಟ್ಟಡದ್ದಂತೂ ಅಲ್ಲ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಆ ಹೆಸರಿದ್ದರೆ ಹೆಂಚು ಯುದ್ಧದ ಈಚಿನದು. ಹಳೆ ಮನೆಯ ಹೆಂಚು ತಂದು ಹೊದಿಸುವುದೂ ಉಂಟು, ಆದ್ದರಿಂದ ದುರಸ್ತಿಯ ಖರ್ಚನ್ನು ಕಮಿಟಿಯ ನಡವಳಿ ಪುಸ್ತಕದಲ್ಲಿ ಹುಡುಕಿ.

ಹಿರಿಯರ ಹತ್ತಿರ ‘ಯಾವ ಇಸವಿ?’ ಅಂತ ಕೇಳಿದರೆ ಉತ್ತರ ಸಿಗದು. ‘ಇಂದಿರಾ ಗಾಂಧಿ ಇಲ್ಲಿ ಎಲೆಕ್ಷನ್ನಿಗೆ ನಿಂತಾಗ ಗಂಟೆಗೋಪುರ ಇತ್ತಾ ಅಜ್ಜಿ?’ ಅಂತ ಕೇಳಿ. 1978 ಎಂಬ ಗೂಟ ಸಿಕ್ಕಿತು, ಉಳಿದದ್ದನ್ನು ಅದಕ್ಕೆ ಕಟ್ಟಬಹುದು.

ದೀಕ್ಷಾಸ್ನಾನದ ಪುಸ್ತಕದಲ್ಲಿ ಹಿಂದಿನ ಜಾತಿಯ ಕಾಲಂ ಇರುತ್ತದೆ. ಒಟ್ಟು ಲೆಕ್ಕ ಕೊಟ್ಟೆವು, ಹೆಸರಿನ ಮುಂದೆ ಜಾತಿ ಅಚ್ಚು ಹಾಕಲಿಲ್ಲ. ಆ ಮನೆತನದವರು ಇಂದಿಗೂ ಅದೇ ಬೆಂಚಿನಲ್ಲಿ ಕೂರುತ್ತಾರೆ. ಮೂಲ ಪುಸ್ತಕಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲದಿಂದ ಒಂದಡಿ ಮೇಲಿನ ಹಲಗೆಯ ಮೇಲೆ ಇಟ್ಟಿದ್ದೇವೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ತೇವ ಒಳಗೇ ನಿಂತು ಬೂಸ್ಟು ಹಿಡಿಯುತ್ತದೆ.