ಗಂಡ ಹೆಂಡತಿ ಇಬ್ಬರೇ ಕ್ರೂಗರ್ ಕಾಡಿಗೆ: ನಿಮ್ಮ ಕಾರಿನಲ್ಲೇ ಸಫಾರಿ ಮಾಡುವುದು ಹೇಗೆ?

ಬಂಡೀಪುರಕ್ಕೋ ನಾಗರಹೊಳೆಗೋ ಹೋದರೆ ಸಫಾರಿಗೆ ಸ್ವಂತ ಕಾರು ಒಯ್ಯುವ ಹಾಗಿಲ್ಲ. ಜೀಪೋ ಬಸ್ಸೋ ಹತ್ತಬೇಕು, ಡ್ರೈವರ್ ನಿಲ್ಲಿಸಿದಲ್ಲಿ ನೋಡಬೇಕು, ಟೈಮ್ ಮುಗಿದರೆ ವಾಪಸ್. ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕ್‌ನಲ್ಲಿ ಹಾಗಲ್ಲ. ಬಾಡಿಗೆ ಕಾರು ತೆಗೆದುಕೊಂಡು, ಗೇಟಿನಲ್ಲಿ ಶುಲ್ಕ ಕಟ್ಟಿ, ನೀವೇ ಓಡಿಸಿಕೊಂಡು ಒಳಗೆ ಹೋಗಬಹುದು. ಸಿಂಹದ ಮುಂದೆ ಎರಡು ಗಂಟೆ ನಿಂತರೂ ‘ಸಾಕು ಹೊರಡಿ’ ಅನ್ನುವವರಿಲ್ಲ. 1926ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು, ಮರುವರ್ಷವೇ ಪ್ರವಾಸಿಗರ ಕಾರುಗಳು ಒಳಗೆ ಬಂದವು. ಅಂದರೆ ಇಲ್ಲಿನ ವ್ಯವಸ್ಥೆಯೆಲ್ಲ ಕಾರಿನಲ್ಲಿ ಬರುವವರಿಗಾಗಿಯೇ ಬೆಳೆದದ್ದು.

ವಿಸ್ತೀರ್ಣ 19,000 ಚದರ ಕಿ.ಮೀ.ಗೂ ಜಾಸ್ತಿ. ಬಂಡೀಪುರದಂಥ ಇಪ್ಪತ್ತು ಕಾಡು ಸೇರಿದಷ್ಟು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 350 ಕಿ.ಮೀ. ಉದ್ದ. ಪೂರ್ತಿ ನೋಡಿಬಿಡುತ್ತೇವೆ ಎಂಬ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ಒಂದು ವಾರವಿದ್ದರೆ ದಕ್ಷಿಣ ಮತ್ತು ಮಧ್ಯ ಭಾಗ ಸಾಕು. ಪ್ರಾಣಿಗಳು ಜಾಸ್ತಿ ಕಾಣುವುದೂ ಅಲ್ಲೇ.

ಮೊದಲು ತಿಂಗಳು, ಆಮೇಲೆ ಟಿಕೆಟ್

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣ ಕಾಲ. ಹುಲ್ಲು ಒಣಗಿ ತಗ್ಗಿರುತ್ತದೆ, ಪೊದೆಯಲ್ಲಿ ಎಲೆ ಕಡಿಮೆ, ನೀರಿಗಾಗಿ ಪ್ರಾಣಿಗಳು ಹೊಳೆ, ಕೆರೆಗಳ ಹತ್ತಿರವೇ ಸುತ್ತುತ್ತವೆ. ಸೊಳ್ಳೆ ಕಡಿಮೆ, ಹಾಗಾಗಿ ಮಲೇರಿಯಾ ಭಯವೂ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ, ಕ್ರೂಗರ್ ಮಲೇರಿಯಾ ಪ್ರದೇಶವೇ. ಹೊರಡುವ ಮುನ್ನ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ಜೂನ್, ಜುಲೈ ಬೆಳಗಿನ ಚಳಿಗೆ ಸ್ವೆಟರ್ ಬೇಕೇ ಬೇಕು. ನವೆಂಬರ್‌ನಿಂದ ಮಳೆ, ಹಸಿರು, ಇಂಪಾಲ ಎಂಬ ಜಿಂಕೆಯಂಥ ಪ್ರಾಣಿಯ ಮರಿಗಳು, ವಲಸೆ ಹಕ್ಕಿಗಳು. ಹಕ್ಕಿ ನೋಡುವವರಿಗೆ ಅದೇ ಹಬ್ಬ. ಆದರೆ ಮೊದಲ ಸಲ ಹೋಗುವವರಿಗೆ ನನ್ನ ಓಟು ಒಣ ಕಾಲಕ್ಕೇ. ದಸರಾ ರಜೆಯಲ್ಲಿ ಹೋಗೋಣ ಅನ್ನುವವರು ಗಮನಿಸಿ: ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಸುಮಾರಿಗೆ ಅಲ್ಲಿನ ಶಾಲೆಗಳಿಗೂ ರಜೆ ಇರುತ್ತದೆ. ಆಗ ರೂಮು ಸಿಗುವುದು ಕಷ್ಟ.

ರೂಮು ಮೊದಲು ಬುಕ್ ಮಾಡಿ, ವಿಮಾನ ಆಮೇಲೆ. ಪಾರ್ಕಿನೊಳಗೆ ಉಳಿದುಕೊಳ್ಳುವ ಕ್ಯಾಂಪುಗಳನ್ನು ನಡೆಸುವುದು ಸ್ಯಾನ್‌ಪಾರ್ಕ್ಸ್ ಎಂಬ ಸರ್ಕಾರಿ ಸಂಸ್ಥೆ. ಅವರ ವೆಬ್‌ಸೈಟಿನಲ್ಲಿ 11 ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ, ಹೊಳೆ ಕಾಣುವ ಮನೆಗಳು ಬೇಗ ಬುಕ್ ಆಗಿಬಿಡುತ್ತವೆ. ರೊಂಡಾವೆಲ್ ಅಂತ ಹುಲ್ಲು ಹೊದಿಸಿದ ದುಂಡನೆಯ ಮನೆಗಳಿವೆ. ಇಬ್ಬರಿಗೆ ಅಷ್ಟು ಸಾಕು. ಬುಕ್ ಮಾಡುವಾಗ ಅಡುಗೆಮನೆ ಇದೆಯೇ, ಬಚ್ಚಲು ಒಳಗಿದೆಯೇ ಎಂದು ಎರಡು ಸಲ ಓದಿ. ಕೆಲವು ಅಗ್ಗದ ಮನೆಗಳಿಗೆ ಎರಡೂ ಹೊರಗೆ, ಎಲ್ಲರಿಗೂ ಸೇರಿದ್ದು.

ವಿದೇಶಿಯರಿಗೆ ದಿನದ ಪ್ರವೇಶ ಶುಲ್ಕ ಸ್ಥಳೀಯರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಅದೂ ಒಳಗಿರುವ ಪ್ರತಿ ದಿನಕ್ಕೆ. ವೈಲ್ಡ್ ಕಾರ್ಡ್ ಎಂಬ ವರ್ಷದ ಪಾಸಿನಲ್ಲಿ ದಂಪತಿಗೆ ಬೇರೆಯೇ ದರವಿದೆ. ವಾರಕ್ಕಿಂತ ಜಾಸ್ತಿ ಇರುವವರು ಕೂತು ಲೆಕ್ಕ ಹಾಕಿ ನೋಡಿ.

ಕಾಗದ ಪತ್ರ

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಅದಕ್ಕೆ ಸಾಕಷ್ಟು ಮೊದಲೇ ಅರ್ಜಿ ಹಾಕಿ. ಡ್ರೈವಿಂಗ್ ಲೈಸೆನ್ಸ್ ಇಂಗ್ಲಿಷಿನಲ್ಲಿರಬೇಕು, ಫೋಟೊ ಇರಬೇಕು. ನಮ್ಮ ಸ್ಮಾರ್ಟ್ ಕಾರ್ಡ್‌ನಲ್ಲಿ ಎರಡೂ ಇವೆ. ಆದರೂ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಕಾರು ಬಾಡಿಗೆ ಕೌಂಟರಿನಲ್ಲಿ ಮಾತು ಬೆಳೆಯುವುದಿಲ್ಲ. ಪರ್ಮಿಟ್ ಇಬ್ಬರಿಗೂ ಇರಲಿ. ಬೆಂಗಳೂರಿನಿಂದ ದುಬೈ, ದೋಹಾ, ಆಡಿಸ್ ಅಬಾಬಾ ಹೀಗೆ ಬೇರೆ ಬೇರೆ ದಾರಿಯಲ್ಲಿ ಜೊಹಾನೆಸ್‌ಬರ್ಗ್ ತಲುಪಬಹುದು. ಆಡಿಸ್ ಅಬಾಬಾ, ನೈರೋಬಿಯಂಥ ಕಡೆ 12 ಗಂಟೆಗಿಂತ ಜಾಸ್ತಿ ಕಾಯುವ ಟಿಕೆಟ್ ಆದರೆ ಹಳದಿ ಜ್ವರದ ಲಸಿಕೆಯ ಪತ್ರ ಕೇಳುತ್ತಾರೆ. ಕೊಲ್ಲಿ ದೇಶಗಳ ಮೂಲಕ ಹೋದರೆ ಆ ತಲೆನೋವಿಲ್ಲ.

ಇನ್ನೊಂದು ಚಿಕ್ಕ ವಿಷಯ. ಅಲ್ಲಿನ ಹಳೆಯ ಪ್ಲಗ್ ಪಾಯಿಂಟುಗಳು ನಮ್ಮ ಗೀಸರಿನ ದಪ್ಪ ಮೂರು ಪಿನ್ನಿನ ಪ್ಲಗ್ಗಿಗೆ ಸರಿಹೊಂದುವಂಥವು. ಮನೆಯಲ್ಲಿ ಅಂಥ ಪ್ಲಗ್ಗಿನ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಸುಮ್ನೆ ಬ್ಯಾಗಿಗೆ ಹಾಕಿಕೊಳ್ಳಿ.

ಕಾರು ಯಾವುದು?

ಫೋರ್ ವೀಲ್ ಡ್ರೈವ್ ಬೇಕಿಲ್ಲ. ಮುಖ್ಯ ರಸ್ತೆಗಳು ಡಾಂಬರಿನವು, ಮಣ್ಣಿನ ರಸ್ತೆಗಳೂ ಚೆನ್ನಾಗಿವೆ. ಸೀಟು ಎತ್ತರವಾಗಿರುವ ಸಾಧಾರಣ ಎಸ್‌ಯುವಿ ಸಾಕು. ಒಂದು ಅಡಿ ಮೇಲೆ ಕೂತರೆ ಹುಲ್ಲಿನಾಚೆ ಮಲಗಿದ ಸಿಂಹದ ಕಿವಿ ಕಾಣುತ್ತದೆ. ತಗ್ಗು ಕಾರಿನಲ್ಲಿ ಹುಲ್ಲು ಮಾತ್ರ ಕಾಣುತ್ತದೆ. ಗೇರ್ ಬದಲಿಸುತ್ತಾ ಕಾಡು ನೋಡುವುದು ಬೇಡ, ಆಟೊಮ್ಯಾಟಿಕ್ ಕೇಳಿ. ಟೈರು ಮತ್ತು ಗಾಜಿಗೂ ಇನ್ಶೂರೆನ್ಸ್ ಸೇರಿಸಿ. ಇಬ್ಬರ ಹೆಸರನ್ನೂ ಚಾಲಕರೆಂದು ಬರೆಸಿ. ಠೇವಣಿಗೆ ಕ್ರೆಡಿಟ್ ಕಾರ್ಡೇ ಬೇಕಾಗುತ್ತದೆ, ಅದು ಕಾರು ಪಡೆಯುವವರ ಹೆಸರಿನಲ್ಲೇ ಇರಬೇಕು.

ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು, ಸ್ಟೀರಿಂಗ್ ಬಲಕ್ಕೆ. ಹಾಗಾಗಿ ಮೊದಲ ದಿನವೇ ಧೈರ್ಯ ಬರುತ್ತದೆ. ಜೊಹಾನೆಸ್‌ಬರ್ಗ್‌ನಿಂದ ಎನ್4 ಹೆದ್ದಾರಿಯಲ್ಲಿ ಪಾರ್ಕಿನ ದಕ್ಷಿಣದ ಮಲೆಲೇನ್ ಗೇಟಿಗೆ ನಾಲ್ಕರಿಂದ ಐದು ಗಂಟೆ. ಬೆಳಗ್ಗೆ ಇಳಿದರೆ ಅದೇ ದಿನ ಹೊರಡಬಹುದು. ಮಧ್ಯಾಹ್ನ ಇಳಿದರೆ ಅಲ್ಲೇ ಉಳಿದು ಮರುದಿನ ಹೊರಡಿ. ಕತ್ತಲಲ್ಲಿ ಹೆದ್ದಾರಿ ಪ್ರಯಾಣ ಬೇಡವೇ ಬೇಡ. ಕಾರು ನಿಲ್ಲಿಸುವಾಗ ಬ್ಯಾಗು ಕಣ್ಣಿಗೆ ಬೀಳುವಂತೆ ಇಡಬೇಡಿ. ದಾರಿಯಲ್ಲಿ ಸಿಗುವ ಎಂಬೊಂಬೆಲಾ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಅಕ್ಕಿ, ತರಕಾರಿ, ಮೊಸರು, ಹಣ್ಣು ತುಂಬಿಸಿಕೊಳ್ಳಿ. ಕ್ಯಾಂಪಿನ ಅಂಗಡಿಗಳಲ್ಲಿ ಮಾಂಸ ಧಾರಾಳ, ತರಕಾರಿ ಅಷ್ಟಕ್ಕಷ್ಟೆ. ಊರಿನಿಂದ ಒಯ್ದ ಪುಳಿಯೋಗರೆ ಪುಡಿಯ ಬೆಲೆ ಗೊತ್ತಾಗುವುದು ಆಗಲೇ.

ಗಂಟೆಯ ಲೆಕ್ಕ

ಇಡೀ ಪ್ಲಾನಿನ ಜೀವ ಇಲ್ಲಿದೆ. ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 50 ಕಿ.ಮೀ., ಮಣ್ಣಿನಲ್ಲಿ 40. ಆದರೆ ನಿಂತು ನೋಡುತ್ತಾ ಹೋದರೆ ಸರಾಸರಿ 25 ಬಂದರೆ ಹೆಚ್ಚು. ಲೋಯರ್ ಸಾಬಿ ಕ್ಯಾಂಪಿನಿಂದ ಸಟಾರಾ ಕ್ಯಾಂಪಿಗೆ ಸುಮಾರು 93 ಕಿ.ಮೀ. ಮೈಸೂರು ರಸ್ತೆಯ ಲೆಕ್ಕದಲ್ಲಿ ಒಂದೂವರೆ ಗಂಟೆ ಅನಿಸುತ್ತದೆ, ಅಲ್ವಾ? ನಾಲ್ಕು ಗಂಟೆ ಇಟ್ಟುಕೊಳ್ಳಿ. ಆನೆ ಹಿಂಡು ದಾರಿಗೆ ಅಡ್ಡ ನಿಂತರೆ ಇನ್ನೂ ಒಂದು.

ಈ ಲೆಕ್ಕ ಏಕೆಂದರೆ, ಸಂಜೆ ಗೇಟು ಮುಚ್ಚುತ್ತದೆ. ಜೂನ್, ಜುಲೈನಲ್ಲಿ ಬೆಳಗ್ಗೆ 6ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಕ್ಯಾಂಪಿನ ಗೇಟು ನಸುಕಿನ 4.30ಕ್ಕೇ ತೆರೆಯುತ್ತದೆ, ಸಂಜೆ 6.30ಕ್ಕೆ ಮುಚ್ಚುತ್ತದೆ. ತಡವಾದರೆ ದಂಡ. ‘ಸಿಂಹ ಸಿಕ್ಕಿತ್ತು ಸಾರ್’ ಎಂಬ ಕಾರಣ ಕಾವಲುಗಾರರು ದಿನಾ ಕೇಳಿರುತ್ತಾರೆ.

ದಾರಿ ಹೀಗಿರಲಿ. ಮಲೆಲೇನ್ ಗೇಟಿನ ಹತ್ತಿರದ ಬರ್ಗ್-ಎನ್-ದಾಲ್ ಕ್ಯಾಂಪಿನಲ್ಲಿ ಒಂದು ರಾತ್ರಿ, ಲೋಯರ್ ಸಾಬಿಯಲ್ಲಿ ಎರಡು, ಸಟಾರಾದಲ್ಲಿ ಎರಡು, ಒಲಿಫಾಂಟ್ಸ್‌ನಲ್ಲಿ ಒಂದು. ದಿನಕ್ಕೊಂದು ಕ್ಯಾಂಪ್ ಬದಲಿಸಬೇಡಿ. ಗಂಟು ಮೂಟೆ ಕಟ್ಟುವುದರಲ್ಲೇ ಒಳ್ಳೆಯ ಬೆಳಗು ಹೋಗುತ್ತದೆ. ಲೋಯರ್ ಸಾಬಿಯಿಂದ ಸ್ಕುಕುಜ ಕ್ಯಾಂಪಿನ ಕಡೆಗೆ ಹೊಳೆ ಪಕ್ಕದಲ್ಲೇ ಹೋಗುವ ಎಚ್4-1 ರಸ್ತೆ ಚಿರತೆಗೆ ಹೆಸರಾದದ್ದು. ಕಾರುಗಳೂ ಜಾಸ್ತಿ, ಅದನ್ನು ಸಹಿಸಿಕೊಳ್ಳಬೇಕು. ಲೋಯರ್ ಸಾಬಿ ಪಕ್ಕದ ಸನ್‌ಸೆಟ್ ಡ್ಯಾಮಿನಲ್ಲಿ ನೀರಾನೆ, ಮೊಸಳೆ ಯಾವಾಗಲೂ ಇರುತ್ತವೆ. ಸಟಾರಾ ಸುತ್ತ ಬಯಲು ಹುಲ್ಲುಗಾವಲು. ಅಲ್ಲಿನ ಎಸ್100 ಮಣ್ಣಿನ ರಸ್ತೆಯನ್ನು ಬೆಳಗ್ಗೆ ಗೇಟು ತೆರೆದ ಕೂಡಲೇ ಹಿಡಿಯಿರಿ, ಸಿಂಹಕ್ಕೆ. ಒಲಿಫಾಂಟ್ಸ್ ಇರುವುದು ಗುಡ್ಡದಂಚಿನಲ್ಲಿ. ಕೆಳಗೆ ಹೊಳೆಗೆ ಬರುವ ಆನೆಗಳನ್ನು ಬಾಲ್ಕನಿಯಿಂದಲೇ ನೋಡಬಹುದು. ಅಲ್ಲಿ ಮಧ್ಯಾಹ್ನ ಕಾರಿಗೆ ರಜೆ ಕೊಡಿ.

ಒಬ್ಬರು ಓಡಿಸಿ, ಒಬ್ಬರು ನೋಡಿ

ಇಬ್ಬರೇ ಹೋಗುವುದರ ಲಾಭವೂ ಕಷ್ಟವೂ ಇದೇ. ಓಡಿಸುವವರು ರಸ್ತೆ ಮತ್ತು ಬಲಬದಿ, ಪಕ್ಕದವರು ಎಡಬದಿ ಮತ್ತು ಮ್ಯಾಪು. ಎರಡು ಗಂಟೆಗೊಮ್ಮೆ ಅದಲುಬದಲು ಮಾಡಿ. ಯಾವಾಗಲೂ ಒಬ್ಬರೇ ಓಡಿಸಿದರೆ ಮೂರನೇ ದಿನ ಮುನಿಸು ಗ್ಯಾರಂಟಿ. ಬದಲಾಗುವುದು ಕ್ಯಾಂಪಿನಲ್ಲೋ ಪಿಕ್ನಿಕ್ ಜಾಗದಲ್ಲೋ ಮಾತ್ರ, ಏಕೆಂದರೆ ಬೇರೆಲ್ಲೂ ಕಾರಿನಿಂದ ಇಳಿಯುವ ಹಾಗಿಲ್ಲ. ತಲೆ, ಕೈ ಹೊರಗೆ ಚಾಚುವ ಹಾಗೂ ಇಲ್ಲ. ಟಾಯ್ಲೆಟ್ಟಿಗೂ ಅದೇ ನಿಯಮ. ಅಫ್ಸಾಲ್, ಎನ್ಕುಹ್ಲು, ಶೊಕ್ವಾನೆ ಎಂಬ ಪಿಕ್ನಿಕ್ ಜಾಗಗಳನ್ನು ಮ್ಯಾಪಿನಲ್ಲಿ ಗುರುತು ಹಾಕಿಕೊಂಡು ಕಾಫಿ ಕುಡಿಯಿರಿ.

ಬೈನಾಕ್ಯುಲರ್ ಎರಡು ಇರಲಿ. ಒಂದೇ ಇದ್ದರೆ ಚಿರತೆ ಕಂಡ ಹೊತ್ತಿಗೆ ಅದಕ್ಕಾಗಿ ಎಳೆದಾಟ. ವೇಗ 20-25ಕ್ಕೆ ಇಳಿಸಿ, ಕಿಟಕಿ ತೆರೆದಿಡಿ. ನಮ್ಮ ಕಾಡಿನಲ್ಲಿ ಜಿಂಕೆ, ಮುಸುವ ಕೂಗಿದರೆ ಹುಲಿಯ ಸುಳಿವು ಸಿಗುವ ಹಾಗೇ ಅಲ್ಲಿ ಇಂಪಾಲ, ಬಬೂನ್ ಕೋತಿ. ಇಂಪಾಲ ಹಿಂಡು ಮೇಯುವುದು ಬಿಟ್ಟು ಒಂದೇ ಕಡೆ ದಿಟ್ಟಿಸುತ್ತಿದ್ದರೆ ಎಂಜಿನ್ ಆಫ್ ಮಾಡಿ ಕಾಯಿರಿ. ಸುಮ್ನೆ ಓಡಾಡಿದ್ದಕ್ಕಿಂತ ನೀರಿನ ಪಕ್ಕ ಅರ್ಧ ಗಂಟೆ ನಿಂತದ್ದೇ ಹೆಚ್ಚು ಕೊಡುತ್ತದೆ. ಎದುರಿನ ಕಾರಿನವರು ಕಿಟಕಿ ಇಳಿಸಿದರೆ ನೀವೂ ಇಳಿಸಿ, ‘ಏನು ಕಂಡಿತು’ ಎಂದು ಕೇಳುವುದು ಅಲ್ಲಿನ ರೂಢಿ. ಕ್ಯಾಂಪುಗಳಲ್ಲಿ ಪ್ರಾಣಿ ಕಂಡ ಜಾಗಕ್ಕೆ ಬಣ್ಣದ ಗುರುತು ಹಚ್ಚುವ ಮ್ಯಾಪು ಇರುತ್ತದೆ. ಖಡ್ಗಮೃಗ ಕಂಡ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ, ಫೇಸ್‌ಬುಕ್ಕಿನಲ್ಲೂ. ಬೇಟೆಗಾರರೂ ಓದುತ್ತಾರೆ.

ಆನೆ ಎದುರಾದರೆ

ನಿಜವಾದ ಅಪಾಯ ಸಿಂಹದಿಂದಲ್ಲ, ಆನೆಯಿಂದ. ದೂರದಲ್ಲೇ ನಿಲ್ಲಿ, ಹಿಂದಕ್ಕೆ ಹೋಗಲು ಜಾಗ ಇಟ್ಟುಕೊಳ್ಳಿ, ಎಂಜಿನ್ ಆರಿಸಬೇಡಿ. ತಾಯಿ ಮತ್ತು ಮರಿಯ ನಡುವೆ ನುಗ್ಗಬೇಡಿ. ಒಂಟಿ ಗಂಡಾನೆಯ ಕಣ್ಣು ಕಿವಿಗಳ ಮಧ್ಯೆ ಒದ್ದೆ ಗೆರೆ ಇಳಿದಿದ್ದರೆ ಅದಕ್ಕೆ ಮದ ಬಂದಿದೆ. ಫೋಟೊ ಆಸೆ ಬಿಟ್ಟು ರಿವರ್ಸ್ ಹಾಕಿ. ಹಾರ್ನ್ ಮಾಡಲೇಬೇಡಿ. ರಸ್ತೆ ಮೇಲಿನ ಲದ್ದಿಯ ಮೇಲೂ ಚಕ್ರ ಹತ್ತಿಸಬೇಡಿ, ಅದರಲ್ಲಿ ಸಗಣಿ ಹುಳುಗಳ ಸಂಸಾರ ಇರುತ್ತದೆ.

ಕಾರು ಕೆಟ್ಟರೆ ಒಳಗೇ ಕೂತು, ಪಾರ್ಕಿನ ಪ್ರವೇಶ ಪರ್ಮಿಟ್ ಮೇಲಿನ ತುರ್ತು ನಂಬರಿಗೆ ಫೋನ್ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಮುಂದೆ ಬರುವ ಕಾರಿನವರಿಗೆ ಹೇಳಿ ಕಳಿಸಿ. ಕ್ಯಾಂಪಿನೊಳಗೆ ಕೋತಿಗಳದ್ದೇ ರಾಜ್ಯ, ಫ್ರಿಜ್ ಬಾಗಿಲಿಗೂ ಚಿಲಕ ಹಾಕಿ. ರಾತ್ರಿ ಬೇಲಿಯಾಚೆ ಕತ್ತೆಕಿರುಬ ಬಂದರೆ ನೋಡಿ, ತಿನ್ನಲು ಹಾಕಬೇಡಿ. ರಾತ್ರಿಯ ಕಾಡು ನೋಡಬೇಕೆಂದರೆ ಪಾರ್ಕಿನವರದ್ದೇ ತೆರೆದ ವಾಹನದಲ್ಲಿ ನೈಟ್ ಡ್ರೈವ್ ಇದೆ, ಮೊದಲೇ ಬುಕ್ ಮಾಡಬೇಕು.

ಕೊನೆಯ ದಿನ ಫಾಲಾಬೋರ್ವಾ ಗೇಟಿನಿಂದ ಹೊರಬಿದ್ದು, ಬ್ಲೈಡ್ ರಿವರ್ ಕಣಿವೆ ನೋಡಿಕೊಂಡು ವಾಪಸಾಗಬಹುದು. ಇನ್ನೂ ರಜೆ ಉಳಿದಿದ್ದರೆ ನಮೀಬಿಯಾದ ಎಟೋಷಾ ಪಾರ್ಕ್ ಇದೆ. ಅಲ್ಲೂ ಸ್ವಂತ ಕಾರಿನ ಸಫಾರಿಯೇ. ಒಕೌಕುಯೆಜೊ ಕ್ಯಾಂಪಿನ ದೀಪ ಹಾಕಿದ ನೀರಿನ ಹೊಂಡಕ್ಕೆ ರಾತ್ರಿ ಕಪ್ಪು ಖಡ್ಗಮೃಗಗಳು ಬರುತ್ತವೆ. ಆದರೆ ದಕ್ಷಿಣ ಆಫ್ರಿಕಾದ ಕಾರನ್ನು ಗಡಿ ದಾಟಿಸಲು ಬಾಡಿಗೆಯವರ ಲಿಖಿತ ಒಪ್ಪಿಗೆ ಬೇಕು, ದಾರಿಯೂ ಬಹಳ ದೂರ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ಗೆ ವಿಮಾನದಲ್ಲಿ ಹೋಗಿ ಅಲ್ಲೇ ಬೇರೆ ಕಾರು ತೆಗೆದುಕೊಳ್ಳುವುದು ಮೇಲು. ಆ ದೇಶದಲ್ಲಿ ಜಲ್ಲಿ ರಸ್ತೆಗಳೇ ಜಾಸ್ತಿ. ಕಾರು ಪಡೆಯುವಾಗ ಎರಡು ಸ್ಟೆಪ್ನಿ ಕೇಳಿ, ಜ್ಯಾಕ್ ಹಾಕುವುದು ಹೇಗೆಂದು ಅಲ್ಲೇ ಒಮ್ಮೆ ತೋರಿಸಿಕೊಳ್ಳಿ.